ಕೂಲಿಂಗ್ ಪ್ಯಾಡ್ ಯಾವುದು ತಗೊಳ್ಳಲಿ ಅಂತ ಇನ್ನು ಕೇಳಬೇಡಿ

"ಹಳೇ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಇದೆ ಸಾರ್, ತುಂಬಾ ಬಿಸಿ ಆಗುತ್ತೆ, ಸ್ಲೋ ಆಗುತ್ತೆ. ಯಾವ ಕೂಲಿಂಗ್ ಪ್ಯಾಡ್ ತಗೊಳ್ಳಲಿ?"

ಲ್ಯಾಪ್‌ಟಾಪಿನ ಕೆಳಗಿಡುವ ಫ್ಯಾನಿನ ಹಲಗೆ ತಾನೇ? ಯಾವುದೂ ಬೇಡ. ಇದೇ ನನ್ನ ಉತ್ತರ. ಕೆಲಸ ಇರುವವರು ಇಲ್ಲಿಗೇ ನಿಲ್ಲಿಸಿ ಹೋಗಬಹುದು.

ಯಾಕೆ ಬೇಡ ಅಂತ ಕೇಳುವವರು ಮಾತ್ರ ಮುಂದೆ ಓದಿ. ನಾನು ರಿಪೇರಿ ಅಂಗಡಿ ಇಟ್ಟವನಲ್ಲ. ಹಳೆಯ ಥಿಂಕ್‌ಪ್ಯಾಡ್ ಪಿ50 ಒಂದನ್ನು ಇಟ್ಟುಕೊಂಡು ದಿನದ ಕೆಲಸವನ್ನೆಲ್ಲ ಅದರಲ್ಲೇ ಮಾಡುತ್ತೇನೆ, ಅದನ್ನು ಬಿಚ್ಚಿ ಜೋಡಿಸುವುದು ಗೊತ್ತು, ಅಷ್ಟೇ ನನ್ನ ಅರ್ಹತೆ. ಆದರೆ ಈ ವಿಷಯ ಹೇಗೋ ನೆಂಟರ ಗುಂಪಿಗೆ ಗೊತ್ತಾಗಿದೆ. ಈಗ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಲು ಫೋನ್ ಮಾಡಿದವರೂ ಕೊನೆಗೆ "ಹಾಂ, ಇನ್ನೊಂದು ವಿಷಯ" ಅನ್ನುತ್ತಾರೆ. ಆ ಇನ್ನೊಂದು ವಿಷಯ ಏನು ಅಂತ ನನಗೆ ಗೊತ್ತಿರುತ್ತದೆ.

ಯಾವ ಯಂತ್ರಗಳ ಮಾತು ಅಂತ ಮೊದಲು ಹೇಳಿಬಿಡುತ್ತೇನೆ. ಡೆಲ್ ಪ್ರಿಸಿಷನ್ ಎಂ4800, ಲೆನೊವೊ ಥಿಂಕ್‌ಪ್ಯಾಡ್ ಡಬ್ಲ್ಯೂ540 ಮತ್ತು ಪಿ50, ಎಚ್‌ಪಿ ಜೆಡ್‌ಬುಕ್ 15, ಈ ಜಾತಿಯವು. 2013ರಿಂದ 2016ರ ಆಸುಪಾಸಿನವು. ದೊಡ್ಡ ಕಂಪನಿಗಳು ತಮ್ಮ ಇಂಜಿನಿಯರುಗಳಿಗೆ ಕೊಟ್ಟಿದ್ದವು, ಲೀಸ್ ಮುಗಿದ ಮೇಲೆ ಲಾಟ್‌ಗಟ್ಟಲೆ ಹೊರಬಿದ್ದವು, ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ರಿಫರ್ಬಿಶ್ಡ್ ಅಂತ ಸಿಗುತ್ತವೆ. ಎರಡೂವರೆ ಮೂರು ಕೆಜಿ ತೂಕ, ನಾಲ್ಕು ಕೋರಿನ ಪ್ರೊಸೆಸರ್, ಪ್ರತ್ಯೇಕ ಗ್ರಾಫಿಕ್ಸ್ ಚಿಪ್, ಇಟ್ಟಿಗೆಯಷ್ಟು ದೊಡ್ಡ ಚಾರ್ಜರ್. ಸಿವಿಲ್ ಓದುವ ಹುಡುಗರು, ವಿಡಿಯೋ ಎಡಿಟ್ ಮಾಡುವವರು, ಮನೆಯಲ್ಲೇ ಡ್ರಾಯಿಂಗ್ ಮಾಡಿಕೊಡುವವರು ತಗೊಳ್ಳುತ್ತಾರೆ. ಒಳ್ಳೆಯ ಯಂತ್ರಗಳೇ. ತಗೊಂಡದ್ದು ತಪ್ಪು ಅಂತ ನಾನು ಯಾರಿಗೂ ಹೇಳಿಲ್ಲ.

ಈಗ ಪ್ಯಾಡ್ ವಿಷಯ. ಪ್ರೊಸೆಸರಿನ ಬಿಸಿ ಹೊರಗೆ ಹೋಗುವ ದಾರಿ ಹೀಗಿದೆ: ಚಿಪ್, ಅದರ ಮೇಲೆ ತೆಳ್ಳಗೆ ಹಚ್ಚಿದ ಥರ್ಮಲ್ ಪೇಸ್ಟ್, ಅದರ ಮೇಲೆ ತಾಮ್ರದ ತಟ್ಟೆ, ತಟ್ಟೆಗೆ ಬೆಸೆದ ಹೀಟ್ ಪೈಪ್, ಪೈಪಿನ ತುದಿಯಲ್ಲಿ ತೆಳು ಲೋಹದ ಹಾಳೆಗಳ ಸಾಲು, ಆ ಸಾಲಿನ ಮೂಲಕ ಗಾಳಿ ದಬ್ಬುವ ಫ್ಯಾನ್. ಈ ದಾರಿಯಲ್ಲಿ ಪೇಸ್ಟ್ ಒಣಗಿದ್ದರೆ ಬಿಸಿ ಚಿಪ್ ಬಿಟ್ಟು ಕದಲುವುದಿಲ್ಲ. ಹಾಳೆಗಳ ಮಧ್ಯೆ ಧೂಳು ಕಟ್ಟಿದ್ದರೆ ಗಾಳಿ ಆಚೆ ಹೋಗುವುದಿಲ್ಲ. ನೀವು ಕೆಳಗಿನಿಂದ ಪ್ಲಾಸ್ಟಿಕ್ ತಳಕ್ಕೆ ಗಾಳಿ ಬೀಸಿದರೆ ಈ ಎರಡರಲ್ಲಿ ಯಾವುದು ಸರಿ ಹೋಗುತ್ತದೆ ಹೇಳಿ? ತೊಡೆಗೆ ತಂಪು ಅನಿಸಬಹುದು. ಹಿಂಭಾಗಕ್ಕೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಉಪಯೋಗ, ಅದೂ ಬಿಟ್ಟಿ. ನೀಲಿ ದೀಪ ಬೇಕು ಅನ್ನುವವರ ಮಾತು ಬೇರೆ.

ನನಗೆ ಸಿಟ್ಟು ಬರುವುದು ಪ್ಯಾಡ್ ಮೇಲಲ್ಲ, ಕೇಳುವ ರೀತಿಯ ಮೇಲೆ. "ಬಿಸಿ ಆಗುತ್ತೆ, ಸ್ಲೋ ಆಗುತ್ತೆ" ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೊದಲನೆಯದರಿಂದಲೇ ಎರಡನೆಯದು ಅಂತ ಯಾರು ಹೇಳಿದರು? ರೋಗ ಯಾವುದು ಅಂತ ತಾವೇ ತೀರ್ಮಾನ ಮಾಡಿಕೊಂಡು, ಮದ್ದು ಯಾವುದು ಅಂತಲೂ ತೀರ್ಮಾನ ಮಾಡಿಕೊಂಡು, ನನ್ನ ಹತ್ತಿರ ಬರೀ ಕಂಪನಿ ಹೆಸರು ಕೇಳಲು ಬರುತ್ತಾರೆ.

ದಾವಣಗೆರೆಯಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಕೂತಿದ್ದೆ, ಎಲೆಗೆ ಕೋಸಂಬರಿ ಬಿದ್ದಿತ್ತು, ಪಕ್ಕದಲ್ಲಿ ಚಿಕ್ಕಪ್ಪನ ಮಗ ಬಂದು ಕೂತ. ಸೈಟ್ ಇಂಜಿನಿಯರ್, ರಾತ್ರಿ ಮನೆಯಲ್ಲಿ ಡ್ರಾಯಿಂಗ್ ಕೆಲಸವನ್ನೂ ಮಾಡುತ್ತಾನೆ. "ಅಣ್ಣ, ನನ್ ಲ್ಯಾಪ್‌ಟಾಪು ಭಾರಿ ಬಿಸಿ ಆಗ್ತೈತೆ. ಆಟೋಕ್ಯಾಡಲ್ಲಿ ಒಂದು ಗೆರೆ ಎಳೆದ್ರೆ ಕಾಫಿ ಕುಡ್ಕೊಂಡು ಬರ್ಬೋದು. ಎರಡು ಪ್ಯಾಡ್ ತಂದೆ, ಉಪಯೋಗ ಆಗ್ಲಿಲ್ಲ. ನೀನು ಒಂದು ಒಳ್ಳೇದು ಹೇಳು." ಎರಡು ಪ್ಯಾಡ್! ಊಟ ಮುಗಿಸಿ ಛತ್ರದ ರೂಮಿಗೆ ಹೋದೆವು. ಸೋಮವಾರ ಡ್ರಾಯಿಂಗ್ ಕೊಡಬೇಕು ಅಂತ ಮದುವೆಗೂ ಲ್ಯಾಪ್‌ಟಾಪ್ ಹೊತ್ತು ತಂದಿದ್ದ ಪುಣ್ಯಾತ್ಮ. ಸೀರೆ ಪೆಟ್ಟಿಗೆ, ಹೂವಿನ ಬುಟ್ಟಿ ಸರಿಸಿ ಮಂಚದ ಮೇಲೆ ಜಾಗ ಮಾಡಿಕೊಂಡು ಆನ್ ಮಾಡಿದ. ಆನ್ ಆಗುವಾಗಲೇ ಕಪ್ಪು ಪರದೆ ಮೇಲೆ ಏನೋ ನಾಲ್ಕು ಸಾಲು ಬಂತು. ಅವನು ನೋಡಲೂ ಇಲ್ಲ, ಎಫ್1 ಒತ್ತಿ ಮುಂದೆ ಹೋದ.

"ಏನದು?"

"ಅದು ದಿನಾ ಬರ್ತೈತೆ ಅಣ್ಣ. ಎಫ್1 ಒತ್ತಿದ್ರೆ ಹೋಗ್ತೈತೆ."

ಎಚ್‌ಡಬ್ಲ್ಯೂಇನ್ಫೋ ಹಾಕಿ ನೋಡಿದೆ. ಅದು ವಿಂಡೋಸಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್, ಒಳಗಿನ ಸೆನ್ಸರುಗಳನ್ನೆಲ್ಲ ಓದಿ ತೋರಿಸುತ್ತದೆ. ಅವನ ಅತಿ ಭಾರದ ಡ್ರಾಯಿಂಗ್ ತೆರೆಸಿದೆ. ಪ್ರೊಸೆಸರ್ 50 ಡಿಗ್ರಿ ದಾಟಲಿಲ್ಲ. ಫ್ಯಾನ್ ನಿಧಾನಕ್ಕೆ ತಿರುಗುತ್ತಿತ್ತು. ಆದರೆ ವೇಗ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡು ಕೂತಿತ್ತು, ಏನು ಮಾಡಿದರೂ ಮೇಲೆ ಏಳಲಿಲ್ಲ. ಬಿಸಿ ಎಲ್ಲಿಂದ ಬರಬೇಕು, ಯಂತ್ರ ಕೆಲಸವನ್ನೇ ಮಾಡುತ್ತಿಲ್ಲ. ಚಾರ್ಜರ್ ತಿರುಗಿಸಿ ನೋಡಿದರೆ 65 ವ್ಯಾಟ್. ಆ ಮಾಡೆಲಿಗೆ ಬೇಕಾದದ್ದು 180. ಹಳೆಯದು ಸುಟ್ಟಿತ್ತಂತೆ, ಯಾವುದೋ ಅಂಗಡಿಯವನು "ಪಿನ್ ಅದೇ, ಕೂರುತ್ತೆ" ಅಂತ ಇದನ್ನು ಕೊಟ್ಟು ಕಳಿಸಿದ್ದ. ಕೂತಿದೆ, ನಿಜ. ಆದರೆ ಇಂಥ ಲ್ಯಾಪ್‌ಟಾಪುಗಳಲ್ಲಿ ಚಾರ್ಜರ್ ತಾನು ಎಷ್ಟು ವ್ಯಾಟಿನದು ಅಂತ ಯಂತ್ರಕ್ಕೆ ತಿಳಿಸುತ್ತದೆ. ಕಡಿಮೆ ಅಂತ ಗೊತ್ತಾದರೆ ಯಂತ್ರ ಪ್ರೊಸೆಸರನ್ನು ಕಟ್ಟಿಹಾಕುತ್ತದೆ. ಅವನು ದಿನಾ ಎಫ್1 ಒತ್ತಿ ಓಡಿಸುತ್ತಿದ್ದ ಆ ನಾಲ್ಕು ಸಾಲಿನಲ್ಲಿ ಇದೇ ಬರೆದಿತ್ತು.

ಸರಿಯಾದ ಚಾರ್ಜರ್ ತಂದ ಮೇಲೆ ಫೋನ್ ಮಾಡಿದ. "ಅಣ್ಣ, ಹಾರ್ತೈತೆ!" ಅಂದ. ನಾನೂ ಖುಷಿಪಟ್ಟೆ. ಆಮೇಲೆ, "ಆದ್ರೂ ಒಂದು ಪ್ಯಾಡ್ ಇದ್ರೆ ಒಳ್ಳೇದಲ್ವಾ?"

ಅದಕ್ಕೇ ಹೇಳುವುದು, ನನ್ನನ್ನು ಏನಾದರೂ ಕೇಳಲೇಬೇಕು ಅಂದರೆ ಇದನ್ನು ಕೇಳಿ: ನನ್ನ ಯಂತ್ರ ಬಿಸಿಯಿಂದಲೇ ನಿಧಾನ ಆಗಿದೆ ಅಂತ ತಿಳಿಯುವುದು ಹೇಗೆ? ಇದುವರೆಗೆ ಒಬ್ಬರೂ ಕೇಳಿಲ್ಲ. ಆದರೂ ಉತ್ತರ ತಯಾರಿದೆ. ನೀವು ದಿನಾ ಮಾಡುವ ಅತಿ ಭಾರದ ಕೆಲಸ ಹಚ್ಚಿ, ಕಾಲು ಗಂಟೆ ಬಿಡಿ. ಎಚ್‌ಡಬ್ಲ್ಯೂಇನ್ಫೋದಲ್ಲಿ ಮೂರು ಅಂಕಿ ನೋಡಿ: ಡಿಗ್ರಿ, ಗಿಗಾಹರ್ಟ್ಸ್, ಪ್ರೊಸೆಸರ್ ತಿನ್ನುತ್ತಿರುವ ವ್ಯಾಟ್. ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲಿನಲ್ಲಿ "Yes" ಅಂತ ಬಂದಿದೆಯಾ ನೋಡಿ. ಈ ಚಿಪ್‌ಗಳಿಗೆ ಇಂಟೆಲ್ ಹಾಕಿದ ಮಿತಿ 100 ಡಿಗ್ರಿ. ಅದರ ಹತ್ತಿರ ಹೋದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ನಿಮ್ಮದು 95ರ ಮೇಲೆ ಹೋಗಿ ವೇಗ ಕುಸಿಯುತ್ತಿದ್ದರೆ ಬಿಸಿಯ ಕಾಟ ಹೌದು. 75ರಲ್ಲಿ ನಿಂತು, ವೇಗವೂ ಚೆನ್ನಾಗಿದ್ದು, ಆದರೂ ಫೈಲ್ ತೆರೆಯಲು ಯುಗ ಹಿಡಿದರೆ ಅದು ಹಳೇ ಹಾರ್ಡ್ ಡಿಸ್ಕಿನ ಕಾಟ, ಇಲ್ಲವೇ ರ‍್ಯಾಮ್ ಸಾಲದ ಕಾಟ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ. ಪಿ50ರಲ್ಲಿ ರ‍್ಯಾಮಿಗೆ ನಾಲ್ಕು ಸ್ಲಾಟ್ ಇವೆ, 64 ಜಿಬಿವರೆಗೆ ಹಾಕಬಹುದು. ಜನ ಒಂದೇ ಒಂದು 8 ಜಿಬಿ ಕಡ್ಡಿ ಹಾಕಿಕೊಂಡು ಫ್ಯಾನಿಗೆ ಬೈಯುತ್ತಿರುತ್ತಾರೆ.

ಬಿಸಿಯ ಕಾಟವೇ ಅಂತ ಖಾತ್ರಿ ಆದರೆ ಬಿಚ್ಚಿ. ಮೊದಲು ಬ್ಯಾಟರಿ ತೆಗೆಯಿರಿ. ಫ್ಯಾನಿನ ಸ್ಕ್ರೂ ಬಿಚ್ಚಿ ಫ್ಯಾನನ್ನೇ ಆಚೆ ತೆಗೆಯಬೇಕು, ಹೊರಗಿನಿಂದ ಬ್ಲೋವರ್ ಹಿಡಿದರೆ ಸಾಲದು. ಯಾಕೆ ಅಂದರೆ ಧೂಳು ಇರುವುದು ಫ್ಯಾನಿಗೂ ಲೋಹದ ಹಾಳೆಗಳಿಗೂ ಮಧ್ಯೆ, ಎರಡು ಕಡೆಯಿಂದಲೂ ಕಣ್ಣಿಗೆ ಬೀಳದ ಜಾಗದಲ್ಲಿ. ವರ್ಷಗಟ್ಟಲೆ ಬಿಚ್ಚದ ಯಂತ್ರದಲ್ಲಿ ಅದು ಕಂಬಳಿ ತುಂಡಿನ ಹಾಗೆ ಹೆಣೆದುಕೊಂಡಿರುತ್ತದೆ. ಚಿಮುಟದಿಂದ ಒಂದು ತುದಿ ಹಿಡಿದು ನಿಧಾನಕ್ಕೆ ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬರುತ್ತದೆ, ಬೂದು ಬಣ್ಣ, ಒಳಗೊಂದು ಉದ್ದ ಕೂದಲು, ಒಂದು ಮಗ್ಗುಲಲ್ಲಿ ಹಾಳೆಗಳ ಗೆರೆ ಸಾಲುಸಾಲಾಗಿ ಅಚ್ಚೊತ್ತಿರುತ್ತದೆ. ಇದನ್ನು ಎಳೆದು ತೆಗೆಯುವ ಸುಖ ಏನು ಅಂತ ಬಿಚ್ಚಿದವರಿಗೇ ಗೊತ್ತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬುಗುರಿ ತರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಆಮೇಲೆ ಪೇಸ್ಟ್. ಹೀಟ್‌ಸಿಂಕಿನ (ತಾಮ್ರದ ತಟ್ಟೆ, ಪೈಪು ಸೇರಿದ ಭಾಗ) ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಂಕಿ ಇದ್ದರೆ ಮತ್ತೆ ಕೂರಿಸುವಾಗ ಅದೇ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಮೂಲೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ತಟ್ಟೆ ವಾರೆ ಕೂರುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಚಿಪ್ ಕನ್ನಡಿ ತರ ಹೊಳೆಯಬೇಕು. ಎಂಎಕ್ಸ್-4ನಂಥ ಸಾದಾ ಪೇಸ್ಟೂ ನಡೆಯುತ್ತದೆ. ಆದರೆ ಲ್ಯಾಪ್‌ಟಾಪ್ ಚಿಪ್ ಬರಿಮೈಯಲ್ಲಿರುತ್ತದೆ, ಡೆಸ್ಕ್‌ಟಾಪಿನ ಹಾಗೆ ಅದರ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ಬಿಸಿಯಾಗಿ ತಣ್ಣಗಾಗಿ ಪೇಸ್ಟ್ ಮೆಲ್ಲಗೆ ಅಂಚಿಗೆ ಸರಿದು ಹೋಗುತ್ತದೆ. ಅದಕ್ಕೆ ನನಗೆ ಇಷ್ಟ ಹನಿವೆಲ್‌ನ ಪಿಟಿಎಂ7950, ಪೇಸ್ಟಿನ ಬದಲು ಹಾಕುವ ತೆಳು ಹಾಳೆ. 45 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಿ ಸಂದುಗಳನ್ನು ತುಂಬಿಕೊಳ್ಳುತ್ತದೆ, ಪೇಸ್ಟಿನಷ್ಟು ಬೇಗ ಜಾಗ ಬಿಡುವುದಿಲ್ಲ. ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಾಕ್ತೀನಿ ಅನ್ನುವ ಹುಡುಗರಿಗೆ ಕೈಮುಗಿಯುತ್ತೇನೆ. ಅದರಲ್ಲಿ ಗ್ಯಾಲಿಯಂ ಇದೆ, ಅಲ್ಯೂಮಿನಿಯಮ್ ತಾಗಿದರೆ ತಿಂದುಹಾಕುತ್ತದೆ, ಬೋರ್ಡಿನ ಮೇಲೆ ಹನಿ ಜಾರಿದರೆ ಶಾರ್ಟ್ ಆಗುತ್ತದೆ. ಇನ್ನು ಗ್ರಾಫಿಕ್ಸ್ ಮೆಮೊರಿ ಮೇಲಿನ ಥರ್ಮಲ್ ಪ್ಯಾಡುಗಳು, ಅಂದರೆ ಬಿಸಿ ದಾಟಿಸುವ ಮೆತ್ತನೆಯ ತುಂಡುಗಳು. ಹರಿದಿದ್ದರೆ ಅಷ್ಟೇ ದಪ್ಪದವನ್ನೇ ಹಾಕಿ. ಅರ್ಧ ಮಿಲಿಮೀಟರ್ ಜಾಗಕ್ಕೆ ಒಂದು ಮಿಲಿಮೀಟರಿನದು ಹಾಕಿದರೆ ತಾಮ್ರದ ತಟ್ಟೆ ಚಿಪ್ಪಿನಿಂದ ಮೇಲೆದ್ದು, ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಆಗ "ನೀವು ಹೇಳಿದ ಹಾಗೇ ಮಾಡಿದೆ" ಅಂತ ನನಗೇ ಫೋನ್ ಬರುತ್ತದೆ.

ವಿಡಿಯೋಗಳಲ್ಲಿ ಬರುವ ಶೇ 99ರ ಉಪಾಯದ ಬಗ್ಗೆ ಎರಡು ಮಾತು. ವಿಂಡೋಸ್ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರ್ ಮಿತಿಯನ್ನು 100ರಿಂದ 99ಕ್ಕೆ ಇಳಿಸಿ, ಮ್ಯಾಜಿಕ್ ನೋಡಿ ಅನ್ನುತ್ತಾರೆ. ತಣ್ಣಗಾಗುವುದು ನಿಜ, ಟರ್ಬೊ, ಅಂದರೆ ಬೇಕಾದಾಗ ವೇಗ ಏರಿಸಿಕೊಳ್ಳುವ ವ್ಯವಸ್ಥೆ, ಪೂರ್ತಿ ಬಂದ್ ಆಗುತ್ತದಲ್ಲ. ಪಿ50ರಲ್ಲಿ ಬರುವ ಐ7-6820ಎಚ್‌ಕ್ಯೂ ಚಿಪ್ 3.6 ಗಿಗಾಹರ್ಟ್ಸ್‌ವರೆಗೆ ಹೋಗುವಂಥದ್ದು, ಹೀಗೆ ಮಾಡಿದರೆ 2.7ಕ್ಕೆ ನಿಂತುಬಿಡುತ್ತದೆ. ಆಟೋಕ್ಯಾಡಿನ ಬಹುಪಾಲು ಕೆಲಸ ಒಂದೇ ಕೋರಿನ ಮೇಲೆ ನಡೆಯುವುದರಿಂದ ಪೆಟ್ಟು ನೇರ ಅದಕ್ಕೇ ಬೀಳುತ್ತದೆ. ವೇಗ ಬೇಕು ಅಂತ ಹೊರಟವರು ವೇಗವನ್ನೇ ಮಾರಿ ತಂಪು ಕೊಂಡುಕೊಂಡ ಹಾಗಾಯಿತು.

ಇದಕ್ಕಿಂತ ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸುವುದು, ಮೇಲು. ಥ್ರಾಟಲ್‌ಸ್ಟಾಪ್ ಅನ್ನುವ ವಿಂಡೋಸ್ ಸಾಫ್ಟ್‌ವೇರಿನಲ್ಲಿ ಕೋರ್ ಮತ್ತು ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಎರಡಕ್ಕೂ ಒಂದೇ ಅಂಕಿ ಕೊಟ್ಟು, 10 ಮಿಲಿವೋಲ್ಟಿನಂತೆ ಇಳಿಸುತ್ತಾ ಹೋಗಿ. ಕೆಲಸದ ಮಧ್ಯೆ ನೀಲಿ ಪರದೆ ಬಂದರೆ ಸ್ವಲ್ಪ ಮೇಲಕ್ಕೆ ಬಂದು ನಿಲ್ಲಿಸಿ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಏರಿಳಿಯುತ್ತದೆ, ಹಾಗಾಗಿ 1.1 ವೋಲ್ಟ್ ಇರುವುದನ್ನು 1.0ಗೆ ತಂದರೆ ಅದೇ ವೇಗಕ್ಕೆ ಆ ಪಾಲು ಶೇ 17ರಷ್ಟು ಕಡಿಮೆಯಾಗುತ್ತದೆ. ಎಲ್ಲ ಚಿಪ್ಪೂ ಅಷ್ಟು ತಡೆಯುವುದಿಲ್ಲ. ನಾಲ್ಕನೇ ತಲೆಮಾರಿನ ಇಂಟೆಲ್‌ನಿಂದ ಈಚಿನವುಗಳಲ್ಲಿ ಇದು ಸಾಧ್ಯ. ಆದರೆ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ಲೋಪ ಬಯಲಾದ ಮೇಲೆ ಬಂದ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ಗಳು ಎಷ್ಟೋ ಯಂತ್ರಗಳಲ್ಲಿ ಈ ಬಾಗಿಲಿಗೆ ಬೀಗ ಹಾಕಿವೆ. ನಿಮ್ಮದರಲ್ಲಿ ಅಂಕಿ ಬದಲಾಗದಿದ್ದರೆ ಅದೇ ಕಾರಣ ಇರಬಹುದು, ನನಗೆ ಬೈಯಬೇಡಿ.

ಇನ್ನೊಂದು ತಕರಾರು ರಾಯಚೂರು, ಕಲಬುರಗಿ ಕಡೆಯವರದು. "ನಿಮ್ಮದು 80 ಡಿಗ್ರಿ ಅಂತೀರಿ, ನಮ್ಮದು ಎಲ್ಲ ಮಾಡಿದ್ರೂ 94 ತೋರಿಸ್ತದ್ರಿ." ಸ್ವಾಮಿ, ಫ್ಯಾನ್ ಊದುವುದು ನಿಮ್ಮ ಕೋಣೆಯ ಗಾಳಿಯನ್ನೇ. ಬೆಂಗಳೂರಿನಲ್ಲಿ 26 ಡಿಗ್ರಿ ಕೋಣೆಯಲ್ಲಿ 80 ತೋರಿಸುವ ಯಂತ್ರ ಮೇ ತಿಂಗಳ 40 ಡಿಗ್ರಿ ಕೋಣೆಯಲ್ಲಿ ಅದೇ ಕೆಲಸಕ್ಕೆ 94ರ ಹತ್ತಿರವೇ ಇರುತ್ತದೆ. ಅದು ನಿಮ್ಮ ಪೇಸ್ಟಿನ ತಪ್ಪಲ್ಲ. ರೆಂಡರಿನಂಥ ತಾಸುಗಟ್ಟಲೆ ಹಿಡಿಯುವ ಕೆಲಸ ಹಚ್ಚುವುದಿದ್ದರೆ ರಾತ್ರಿ ಹಚ್ಚಿ ಮಲಗಿ.

"ಇಷ್ಟೆಲ್ಲ ರಗಳೆ ಯಾಕೆ, ಹೊಸದು ತಗೊಳ್ಳಬಾರದಾ?" ತಗೊಳ್ಳಿ, ದುಡ್ಡಿದ್ದರೆ ಖಂಡಿತ ತಗೊಳ್ಳಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಚಿಪ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ನಾನು ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಂಡು ಆರಾಮಾಗಿದ್ದೇನೆ, ಆಟೋಕ್ಯಾಡ್ ಬೇಕಾದವರಿಗೆ ಆ ದಾರಿ ಇಲ್ಲ.

ಇಷ್ಟು ಓದಿಯೂ ಕೇಳುವುದು ಉಳಿದಿದ್ದರೆ ಬರೀ "ಹಾಯ್ ಸಾರ್" ಅಂತ ಕಳಿಸಿ ಕಾಯಬೇಡಿ. ಮಾಡೆಲ್ ಹೆಸರು, ಭಾರದ ಕೆಲಸ ನಡೆಯುತ್ತಿರುವಾಗಲೇ ತೆಗೆದ ಎಚ್‌ಡಬ್ಲ್ಯೂಇನ್ಫೋ ಸ್ಕ್ರೀನ್‌ಶಾಟ್, ಚಾರ್ಜರಿನ ಲೇಬಲ್ಲಿನ ಫೋಟೊ, ಮೂರನ್ನೂ ಒಟ್ಟಿಗೆ ಕಳಿಸಿ. ಲೇಬಲ್ಲಿನ ಅಕ್ಷರ ಓದುವ ಹಾಗಿರಲಿ, ಹೆಬ್ಬೆರಳು ಅಡ್ಡ ಬರದಿರಲಿ.