ದಿನಚರಿ: ಮಾನಿಟರ್ ರೀಕಾಲ್ ನೋಟಿಸ್ ಬಂದ ದಿನ ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ

ತುಮಕೂರು, ಸೋಮವಾರ, 9 ಜೂನ್ 2025

ರೋಗಿಯ ನಾಡಿ, ಬಿ.ಪಿ., ಆಕ್ಸಿಜನ್ ತೋರಿಸುವ ಪೇಷಂಟ್ ಮಾನಿಟರ್‌ಗೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕೊಡುವ ಕರೆ) ಬಂದಿದೆ ಅಂದರೆ ಸ್ಟೋರಿನವರು ಮೊದಲು ಕೇಳುವುದು ‘ಲಾರಿ ಯಾವತ್ತು ಬರುತ್ತೆ?’ ಅಂತ. ಯಂತ್ರ ವಾಪಸ್ ಒಯ್ಯಲು ಲಾರಿ ಬರುವುದು ಅಪರೂಪ. ಬಹುಪಾಲು ರೀಕಾಲ್‌ಗಳಲ್ಲಿ ಯಂತ್ರ ಇದ್ದಲ್ಲೇ ಇರುತ್ತದೆ. ಕಂಪನಿಯ ಇಂಜಿನಿಯರ್ ಬಂದು ಸ್ಪೀಕರೋ, ಪವರ್ ಬೋರ್ಡೋ, ಬ್ಯಾಟರಿಯೋ ಬದಲಿಸುತ್ತಾರೆ, ಇಲ್ಲವೇ ಪೆನ್‌ಡ್ರೈವ್ ಚುಚ್ಚಿ ಸಾಫ್ಟ್‌ವೇರ್ ಹಾಕಿ ಹೋಗುತ್ತಾರೆ. ಕೆಲವು ಸಲ ಬರೀ ಒಂದು ಪತ್ರ ಬರುತ್ತದೆ: ಇಂಥ ಸೆಟ್ಟಿಂಗ್ ಬಳಸಬೇಡಿ, ಇಂಥ ಕೇಬಲ್ ಹಾಕಬೇಡಿ. ಮೇಲೆ ‘ಫೀಲ್ಡ್ ಸೇಫ್ಟಿ ನೋಟಿಸ್’ ಎಂದಿರುವ ಇಂಥ ಪತ್ರಗಳನ್ನು ಕಂಪನಿಯ ಪ್ರಚಾರದ ಕಾಗದ ಅಂದುಕೊಂಡು ಫೈಲಿಗೆ ಸೇರಿಸಿಬಿಡುವುದು ಎಲ್ಲ ಕಡೆಯೂ ಇದೆ.

ರಿಪೇರಿ ಕಷ್ಟದ ಕೆಲಸವಲ್ಲ. ಯಂತ್ರ ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ನೋಟಿಸ್ ಹೋಗುವುದು ಬಿಲ್ಲಿನಲ್ಲಿರುವ ವಿಳಾಸಕ್ಕೆ. ಬಿಲ್ ಬೆಂಗಳೂರಿನ ಖರೀದಿ ಕಚೇರಿಯ ಹೆಸರಲ್ಲಿರುತ್ತದೆ, ಮಾನಿಟರ್ ಪಾವಗಡದಲ್ಲೋ ಮಧುಗಿರಿಯಲ್ಲೋ ಶಿರಾದಲ್ಲೋ ಇರುತ್ತದೆ. 2020–21ರ ಕೋವಿಡ್ ಹೊತ್ತಿನಲ್ಲಿ ದಾನವಾಗಿ ಬಂದ ಮಾನಿಟರ್‌ಗಳ ಪಾಡು ಇನ್ನೂ ಕೆಟ್ಟದು. ಬಿಲ್ ದಾನಿಯ ಬಳಿ, ವಾರಂಟಿ ಕಾರ್ಡ್ ಯಾರ ಬಳಿಯೂ ಇಲ್ಲ, ಆಮದು ಮಾಡಿಕೊಟ್ಟವರು ಆ ವ್ಯಾಪಾರದಲ್ಲೇ ಇಲ್ಲದಿರಬಹುದು. ಕಾನೂನೂ ಆಮೇಲೆ ಬಿಗಿಯಾದದ್ದು. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಜಾರಿಯಾಗಿದ್ದು 2018ರ ಜನವರಿ 1ರಿಂದ. ಎಲ್ಲ ವೈದ್ಯಕೀಯ ಉಪಕರಣಗಳೂ ಕಾನೂನಿನ ವ್ಯಾಪ್ತಿಗೆ ಬಂದದ್ದು 2020ರ ಏಪ್ರಿಲ್ 1ಕ್ಕೆ. ಲೈಸೆನ್ಸ್ ಕಡ್ಡಾಯವಾದದ್ದು ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್‌ನಲ್ಲಿ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್‌ನಲ್ಲಿ. ಈ ನಡುವೆ ಬಂದ ಮಾಲಿಗೆ ಯಾರು ಜವಾಬ್ದಾರರು ಅನ್ನುವುದನ್ನು ಯಂತ್ರದ ಹಿಂದಿನ ಲೇಬಲ್ ನೋಡಿಯೇ ಪತ್ತೆ ಮಾಡಬೇಕು.

ಇಲ್ಲಿ ಒಂದು ಗೊಂದಲ ಮಾಮೂಲಿ. ನಮ್ಮ ನಿಯಮದಲ್ಲಿ ಎ, ಬಿ, ಸಿ, ಡಿ ಅನ್ನುವುದು ಉಪಕರಣದ ಅಪಾಯದ ವರ್ಗ, ಡಿ ಅಂದರೆ ಅತಿ ಹೆಚ್ಚು. ಅಮೆರಿಕದ ಔಷಧ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ರೀಕಾಲ್‌ಗೆ ಕೊಡುವ 1, 2, 3 ಅನ್ನುವುದು ಆ ದೋಷದ ತೀವ್ರತೆ. ಅಲ್ಲಿ 1 ಅಂದರೆ ಸಾವು ಅಥವಾ ಗಂಭೀರ ಹಾನಿ ಆಗುವ ಸಂಭವವಿದೆ ಎಂದರ್ಥ. ‘ಕ್ಲಾಸ್ 1’ ಎಂದು ಓದಿ ಸಣ್ಣ ವಿಷಯ ಅಂದುಕೊಳ್ಳಬಾರದು.

ಹುಡುಕುವ ಕ್ರಮ. ನೋಟಿಸಿನಲ್ಲಿ ಮಾಡೆಲ್, ಸೀರಿಯಲ್ ನಂಬರಿನ ವ್ಯಾಪ್ತಿ ಇಲ್ಲವೇ ತಯಾರಿಕೆಯ ಅವಧಿ, ಸಾಫ್ಟ್‌ವೇರ್ ಆವೃತ್ತಿ, ಈ ಮೂರಕ್ಕೆ ಗೆರೆ ಎಳೆದುಕೊಳ್ಳಿ. ಸ್ಟಾಕ್ ಬುಕ್ ತೆಗೆದರೆ ಸಿಗುವುದು ‘ಮಲ್ಟಿಪ್ಯಾರಾ ಮಾನಿಟರ್ – 6 ನಗ’ ಅಂತ ಒಂದೇ ಸಾಲು. ಅದನ್ನು ನಂಬಿಕೊಂಡು ಕೂರದೆ ವಾರ್ಡಿಗೆ ಹೋಗಿ. ಹಿಂಭಾಗದ ಪ್ಲೇಟಿನಲ್ಲಿ ಚೌಕದೊಳಗೆ ‘ಎಸ್‌ಎನ್’ ಎಂದಿರುವುದು ಸೀರಿಯಲ್, ‘ಆರ್‌ಇಎಫ್’ ಎಂದಿರುವುದು ಮಾಡೆಲ್ ಕೋಡ್, ಕಾರ್ಖಾನೆಯ ಚಿತ್ರದ ಪಕ್ಕದ್ದು ತಯಾರಿಕೆಯ ದಿನಾಂಕ. ಬಾರ್‌ಕೋಡ್ ಇದ್ದರೆ ಅದರ ಕೆಳಗೆ ಆವರಣದಲ್ಲಿ 01 ಇರುವ ಅಂಕಿ ಉತ್ಪನ್ನದ್ದು, 10 ಲಾಟ್‌ನದು, 11 ತಯಾರಿಕೆಯ ದಿನಾಂಕ, 21 ಸೀರಿಯಲ್. ಆದರೆ ಎಷ್ಟೋ ಕಡೆ ಆಸ್ಪತ್ರೆಯ ಆಸ್ತಿ ಸಂಖ್ಯೆಯನ್ನು ಬಿಳಿ ಆಯಿಲ್ ಪೇಂಟಿನಲ್ಲಿ ಬರೆದಿರುವುದು ಆ ಪ್ಲೇಟಿನ ಮೇಲೆಯೇ. ದಿನಾ ಸ್ಪಿರಿಟ್, ಹೈಪೋಕ್ಲೋರೈಟ್ ಹಾಕಿ ಒರೆಸಿ ಅಕ್ಷರ ಅಳಿಸಿಹೋಗಿರುವುದೂ ಉಂಟು. ಪೇಂಟನ್ನು ಬ್ಲೇಡಿನಿಂದ ಕೆರೆಯಬೇಡಿ, ಅಂಕಿಯೂ ಜೊತೆಗೆ ಎದ್ದು ಬರುತ್ತದೆ. ಯಂತ್ರ ಆನ್ ಮಾಡಿ ಮೆನುವಿನಲ್ಲಿ ಮೇಂಟೆನೆನ್ಸ್ ಅಥವಾ ಸಿಸ್ಟಂ ಇನ್ಫೋ ತೆರೆದರೆ ಸಾಫ್ಟ್‌ವೇರ್ ಆವೃತ್ತಿ ಸಿಗುತ್ತದೆ, ಹಲವು ಮಾಡೆಲ್‌ಗಳಲ್ಲಿ ಸೀರಿಯಲ್ ಕೂಡ. ಆ ಪರದೆಯ ಫೋಟೋ ತೆಗೆದಿಡಿ. ಕಳಚಿ ಹಾಕುವ ಮಾಡ್ಯೂಲ್ ಇರುವ ಮಾನಿಟರ್ ಆದರೆ ಮಾಡ್ಯೂಲಿಗೇ ಬೇರೆ ಸೀರಿಯಲ್ ಇರುತ್ತದೆ. ರೀಕಾಲ್ ಬರೀ ಮಾಡ್ಯೂಲಿನದಾಗಿದ್ದರೆ ಮುಖ್ಯ ಪೆಟ್ಟಿಗೆಯ ನಂಬರ್ ನೋಡಿ ‘ನಮ್ಮದಲ್ಲ’ ಎಂದು ಬರೆದು ಕಳಿಸಿದಂತಾಗುತ್ತದೆ.

ಐಸಿಯು, ಓಟಿಗಳಲ್ಲಿ ಹುಡುಕುವುದನ್ನು ಯಾರೂ ಮರೆಯುವುದಿಲ್ಲ. ರಿಕವರಿ ರೂಂ, ಹೆರಿಗೆ ಕೋಣೆ, ಆಂಬುಲೆನ್ಸ್, ಡಯಾಲಿಸಿಸ್, ಕೆಟ್ಟ ಸಾಮಾನಿನ ಕೋಣೆ, ಪಕ್ಕದ ತಾಲೂಕಿಗೆ ಎರವಲು ಕೊಟ್ಟದ್ದು, ಇವು ಪಟ್ಟಿಯಿಂದ ಜಾರುತ್ತವೆ. ಕೆಟ್ಟ ಸಾಮಾನಿನ ಕೋಣೆಯಲ್ಲಿ ಇರುವುದನ್ನೂ ಎಣಿಸಲೇಬೇಕು. ಡೆಂಗಿ ಕಾಲ ಬಂದರೆ ಅದನ್ನೇ ಹೊರಗೆ ತಂದು ಹಾಸಿಗೆ ಪಕ್ಕ ಇಡುತ್ತಾರೆ.

ಇನ್ನು ದೋಷದ ವಿಷಯ. ರೀಕಾಲ್‌ಗೆ ಕಾರಣವಾಗುವ ದೋಷಗಳಲ್ಲಿ ಅತಿ ಅಪಾಯದ್ದು ಅಲಾರಂ ಸದ್ದು ಬಾರದಿರುವುದು. ಪರದೆ ಸರಿ, ಅಂಕಿ ಸರಿ, ಕೆಂಪು ದೀಪವೂ ಮಿನುಗುತ್ತದೆ, ಸದ್ದು ಮಾತ್ರ ಇಲ್ಲ. ರಾತ್ರಿ ಪಾಳಿಯಲ್ಲಿ ಇಪ್ಪತ್ತು ಹಾಸಿಗೆಗೆ ಒಬ್ಬರೇ ಸಿಸ್ಟರ್ ಇದ್ದರೆ ಆ ದೀಪ ನೋಡುವವರಾರು? ಯಂತ್ರ ಆನ್ ಆಗುವಾಗ ದೀಪ ಕೆಂಪು, ಹಳದಿ ಮಿನುಗಿ ಒಂದು ಬೀಪ್ ಬರುತ್ತದೆ. ಬೀಪ್ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. ಬಂದರೂ ಅಷ್ಟಕ್ಕೇ ತೃಪ್ತಿಪಡಬೇಡಿ. ಕೆಲವು ದೋಷಗಳು ಯಂತ್ರ ಬಹಳ ಹೊತ್ತು ನಡೆದ ಮೇಲಷ್ಟೇ ಕಾಣಿಸಿಕೊಳ್ಳುತ್ತವೆ.

ಪರೀಕ್ಷೆಗೆ ಬೆರಳಿನ ಪ್ರೋಬ್ ಕಿತ್ತು ‘ಸದ್ದು ಬಂತು’ ಎಂದು ಟಿಕ್ ಹಾಕುವುದು ರೂಢಿ. ಅದು ಪ್ರೋಬ್ ಕಳಚಿದೆ ಎನ್ನುವ ತಾಂತ್ರಿಕ ಅಲಾರಂ, ಮಟ್ಟವೇ ಬೇರೆ. ಅಲಾರಂಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-1-8 ಪ್ರಕಾರ ಅತಿ ತುರ್ತಿನ ಅಲಾರಂಗೆ ಕೆಂಪು ದೀಪ ಬೇಗ ಮಿನುಗಬೇಕು, ಸೆಕೆಂಡಿಗೆ ಸುಮಾರು 1.4ರಿಂದ 2.8 ಸಲ. ಸದ್ದು ಹತ್ತು ಬಡಿತಗಳ ಗುಂಪಾಗಿ ಬರಬೇಕು. ಮಧ್ಯಮದ್ದಕ್ಕೆ ಹಳದಿ ನಿಧಾನವಾಗಿ, ಮೂರು ಬಡಿತ. ಆದ್ದರಿಂದ ಇಸಿಜಿ ಸಿಮ್ಯುಲೇಟರ್ (ಹೃದಯದ ಸಿಗ್ನಲ್‌ನ ನಕಲು ಕೊಡುವ ಉಪಕರಣ) ಸಿಕ್ಕಿಸಿ ಎಸಿಸ್ಟೋಲ್, ಅಂದರೆ ಹೃದಯ ನಿಂತ ಸಿಗ್ನಲ್, ಕೊಡಿ, ಹತ್ತು ಬಡಿತ ಎಣಿಸಿ. ಸಿಮ್ಯುಲೇಟರ್ ಇಲ್ಲದ ಕಡೆ ಆರೋಗ್ಯವಂತರೊಬ್ಬರಿಗೆ ಲೀಡ್ ಹಾಕಿ, ನಾಡಿ 72 ಇದ್ದರೆ ಕೆಳಮಿತಿಯನ್ನು 90ಕ್ಕೆ ಏರಿಸಿ. ಅಲಾರಂ ಹೊಡೆಯಬೇಕು. ಇದು ಸ್ಪೀಕರ್ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಮಾತ್ರ ಸಾಕ್ಷಿ. ಮಿತಿಯನ್ನು ಮೊದಲಿದ್ದಲ್ಲಿಗೆ ತಂದಿಟ್ಟೇ ಹೊರಡಿ.

ಸದ್ದು ಇಲ್ಲದಿದ್ದರೆ ಅದು ರೀಕಾಲ್‌ನ ದೋಷವೋ, ವಾರ್ಡಿನವರು ವಾಲ್ಯೂಮ್ ಇಳಿಸಿದ್ದೋ ಮೊದಲು ನೋಡಿ. ಪಾಸ್‌ವರ್ಡ್ ಇರುವ ಕಾನ್ಫಿಗರೇಷನ್ ಮೆನುವಿನಲ್ಲಿ ಅಲಾರಂ ವಾಲ್ಯೂಮಿನ ಕನಿಷ್ಠ ಮಟ್ಟ ಎಂಬುದೊಂದಿರುತ್ತದೆ. ಅದು ಸೊನ್ನೆಯಲ್ಲಿದ್ದರೆ ಯಾರು ಬೇಕಾದರೂ ಪೂರ್ತಿ ಇಳಿಸಬಹುದು. ಅದೂ ಸರಿ ಇದ್ದರೆ, ವಾರಂಟಿ ಮುಗಿದ ಯಂತ್ರವಾದರೆ ಮಾತ್ರ, ಬಿಚ್ಚಿ ಸ್ಪೀಕರ್ ಕನೆಕ್ಟರ್ ಕಳಚಿ ಮಲ್ಟಿಮೀಟರ್ ಇಡಿ. 8 ಓಮ್ ಸ್ಪೀಕರ್ ಆದರೆ 7–8ರ ಆಸುಪಾಸು ತೋರಿಸಬೇಕು. ಓಪನ್ ಎಂದರೆ ಕಾಯಿಲ್ ಹೋಗಿದೆ. ಓಮ್ ಸರಿ ಇದ್ದೂ ಸದ್ದಿಲ್ಲವೆಂದರೆ ಕನೆಕ್ಟರ್ ಸಡಿಲ, ಇಲ್ಲವೇ ಬೋರ್ಡಿನ ಆಂಪ್ಲಿಫೈಯರ್ ಕೈಕೊಟ್ಟಿದೆ.

ಬಿ.ಪಿ. ತಪ್ಪು ತೋರಿಸುವ ದೂರು ಎರಡನೆಯದು. ಬೇಕಾದ್ದು: ಟಿ ಕನೆಕ್ಟರ್, 500 ಮಿ.ಲೀ.ನ ಗಟ್ಟಿ ಡಬ್ಬಿ, ಕೈ ಬಲ್ಬ್, ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇರುವ ಮಾನೋಮೀಟರ್ (ಒತ್ತಡ ಅಳೆಯುವ ಉಪಕರಣ). ಸರ್ವಿಸ್ ಮೆನುವಿನಲ್ಲಿ ಮಾನೋಮೀಟರ್ ಮೋಡ್ ಹಾಕಿ 0, 50, 100, 150, 200, 250 ಮಿ.ಮೀ.ಗಳಲ್ಲಿ ಹೋಲಿಸಿ. ವ್ಯತ್ಯಾಸ 3 ಮಿ.ಮೀ. ದಾಟಬಾರದು. ಆಮೇಲೆ 250ರಲ್ಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಸೋರಿಕೆ ಅಳೆಯಿರಿ. ಒತ್ತಿದ ಗಾಳಿ ಬಿಸಿಯಾಗಿ ಆಮೇಲೆ ತಣಿಯುವಾಗಲೂ ಒತ್ತಡ ಇಳಿಯುತ್ತದೆ. ಆ ನಿಮಿಷ ಬಿಡದಿದ್ದರೆ ಸೋರದ ಯಂತ್ರವೂ ಸೋರಿದಂತೆ ಕಾಣುತ್ತದೆ. ನಿಮಿಷಕ್ಕೆ 6 ಮಿ.ಮೀ.ಗಿಂತ ಹೆಚ್ಚು ಇಳಿದರೆ ತೊಂದರೆ ಇದೆ, ಅದು ಹೆಚ್ಚಾಗಿ ಹೋಸ್ ಕನೆಕ್ಟರಿನ ಓ-ರಿಂಗಿನದೋ ತೋಳಿಗೆ ಸುತ್ತುವ ಕಫ್ ಒಳಗಿನ ಬ್ಲಾಡರಿನದೋ ಆಗಿರುತ್ತದೆ. ಅದನ್ನು ಕಂಪನಿಯ ತಲೆಗೆ ಕಟ್ಟುವಂತಿಲ್ಲ. ಇನ್ನೊಂದು ಮಾತು. ಮಾನಿಟರ್ ಕಫ್ಪಿನ ಕಂಪನದಿಂದ ಸರಾಸರಿ ಒತ್ತಡ ಹಿಡಿದು, ಮೇಲಿನದನ್ನೂ ಕೆಳಗಿನದನ್ನೂ ಲೆಕ್ಕ ಹಾಕಿ ಹೇಳುತ್ತದೆ. ಸಾಫ್ಟ್‌ವೇರ್‌ನ ಲೆಕ್ಕವೇ ತಪ್ಪು ಅಂತ ರೀಕಾಲ್ ಬಂದಿದ್ದರೆ ಮಾನೋಮೀಟರ್ ಹೋಲಿಕೆ ಆ ತಪ್ಪನ್ನು ಹಿಡಿಯುವುದೇ ಇಲ್ಲ. ಅದಕ್ಕೆ ಕಫ್ಪಿನ ಕಂಪನವನ್ನೇ ನಕಲು ಮಾಡಿ ಕೊಡುವ ಎನ್‌ಐಬಿಪಿ ಸಿಮ್ಯುಲೇಟರೇ ಬೇಕು.

ಆಕ್ಸಿಜನ್ ಅಂಕಿ ತಪ್ಪುವುದರಲ್ಲಿ ಅಗ್ಗದ ಡೂಪ್ಲಿಕೇಟ್ ಪ್ರೋಬ್‌ಗಳ ಪಾಲು ದೊಡ್ಡದು. ಪ್ರೋಬಿನ ಕೆಂಪು ಬೆಳಕು 660, ಇನ್‌ಫ್ರಾರೆಡ್ 940 ನ್ಯಾನೋಮೀಟರ್ ಆಸುಪಾಸು ಇರಬೇಕು. ಎರಡರ ಅನುಪಾತವನ್ನು ಶೇಕಡಾವಾರಿಗೆ ತಿರುಗಿಸುವ ಕೋಷ್ಟಕ ಆಯಾ ಕಂಪನಿಯದು. ಕನೆಕ್ಟರ್ ಕೂತಿತು ಅಂದ ಮಾತ್ರಕ್ಕೆ ಕೋಷ್ಟಕ ಹೊಂದುವುದಿಲ್ಲ. ಅನುಪಾತ 1 ಬಂದರೆ ಅಂಕಿ ಸುಮಾರು 85. ಕೈ ಅಲುಗಾಡಿದಾಗ, ಸಿಗ್ನಲ್ ಕೆಟ್ಟಾಗ ಅಂಕಿ 85ರ ಕಡೆಗೇ ಜಾರುವುದು ಇದರಿಂದ. ರೋಗಿ ಆರಾಮಾಗಿ ಮಾತಾಡುತ್ತಿದ್ದೂ 85 ಕದಲದಿದ್ದರೆ ರೋಗಿಯನ್ನೂ ನೋಡಿ, ಪ್ರೋಬನ್ನೂ ಬದಲಿಸಿ. ಬೆರಳಿನ ಬದಲು ಪ್ರೋಬಿಗೆ ಸಿಕ್ಕಿಸುವ ಫಿಂಗರ್ ಸಿಮ್ಯುಲೇಟರ್, ಯಂತ್ರ ಓಡುತ್ತದೆಯೇ ಅಂತ ಹೇಳೀತು, ಅಂಕಿ ನಿಖರವೇ ಅಂತ ಹೇಳಲಾರದು.

ಪವರ್ ಬೋರ್ಡಿನ ರೀಕಾಲ್‌ಗಳಲ್ಲಿ ಜಗಳ ಹೆಚ್ಚು. ಆಸ್ಪತ್ರೆ ಯಂತ್ರವನ್ನು ದೂರುತ್ತದೆ, ಕಂಪನಿ ಬೆಸ್ಕಾಂ ಕರೆಂಟನ್ನು ದೂರುತ್ತದೆ. ಪತ್ರ ಬರೆಯುವ ಮೊದಲೇ ಆ ಪ್ಲಗ್ಗಿನಲ್ಲಿ ಫೇಸ್–ನ್ಯೂಟ್ರಲ್, ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಅಳೆದು ಬರೆದಿಡಿ. ಬೇಸಿಗೆಯಲ್ಲಿ ಪಾವಗಡದ ಕಡೆಯ ಒಣ ನೆಲದಲ್ಲಿ ಅರ್ಥ್ ಗುಂಡಿಗೆ ನೀರು ಹಾಕದೆ ಬಿಟ್ಟರೆ ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಏರಿ ಇಸಿಜಿ ಗೆರೆಯೆಲ್ಲ ಗರಗಸದ ಹಲ್ಲಾಗುತ್ತದೆ. ಅದನ್ನೂ ಯಂತ್ರದ ದೋಷ ಅಂತ ಬರೆದರೆ ನಿಜವಾದ ದೂರಿಗೂ ಬೆಲೆ ಇರದು. ವಿದೇಶದಿಂದ ದಾನ ಬಂದ ಮಾನಿಟರಾದರೆ ಇಸಿಜಿಯಿಂದ ಕರೆಂಟಿನ ಗದ್ದಲ ಸೋಸುವ ನಾಚ್ ಫಿಲ್ಟರ್ 60 ಹರ್ಟ್ಜ್‌ನಲ್ಲೇ ಉಳಿದಿರಬಹುದು. ಇಲ್ಲಿಗೆ 50 ಬೇಕು.

ನೆಟ್‌ವರ್ಕ್ ದೋಷ ಹೊಸ ಸೇರ್ಪಡೆ. 2025ರ ಜನವರಿ 30ರಂದು ಅಮೆರಿಕದ ಎಫ್‌ಡಿಎ ಮತ್ತು ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಕಾಂಟೆಕ್ ಕಂಪನಿಯ ಸಿಎಂಎಸ್ 8000 ಮಾನಿಟರ್ ಬಗ್ಗೆ ಎಚ್ಚರಿಕೆ ಕೊಟ್ಟವು. ಸಾಫ್ಟ್‌ವೇರ್‌ನಲ್ಲಿ ಹಿಂಬಾಗಿಲಿದೆ, ಇಂಟರ್‌ನೆಟ್‌ಗೆ ಸೇರಿಸಿದರೆ ರೋಗಿಯ ಮಾಹಿತಿ ಹೊರಗೆ ಹೋಗುತ್ತದೆ ಎಂದು. ಎಪ್ಸಿಮೆಡ್ ಎಂಎನ್ 120 ಎಂದು ಮಾರಾಟವಾಗುವುದೂ ಇದೇ ಯಂತ್ರ, ಲೇಬಲ್ ಮಾತ್ರ ಬೇರೆ ಎಂದು ಅವರೇ ಹೇಳಿದರು. ಆದ್ದರಿಂದ ಮುಂದಿನ ಬ್ರ್ಯಾಂಡ್ ಹೆಸರು ಓದಿ ನಿಲ್ಲಬೇಡಿ, ಹಿಂದಿನ ಪ್ಲೇಟಿನ ತಯಾರಕರ ಹೆಸರು ಓದಿ. ಅವರ ಸಲಹೆ ಇಷ್ಟು: ದೂರದಿಂದ ನೋಡುವ ಸೌಲಭ್ಯದ ಮೇಲೆ ಅವಲಂಬಿಸಿದ್ದರೆ ಬಳಕೆ ನಿಲ್ಲಿಸಿ. ಹಾಸಿಗೆ ಪಕ್ಕ ಮಾತ್ರ ನೋಡುವುದಾದರೆ ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆಫ್ ಮಾಡಿ. ಕಿತ್ತ ಜಾಗಕ್ಕೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಒರೆಸಲು ಬಂದವರು ಕೇಬಲ್ ನೋಡಿ ಮತ್ತೆ ಸಿಕ್ಕಿಸುತ್ತಾರೆ.

ನೋಟಿಸ್ ಬಂದು ರಿಪೇರಿ ಆಗುವ ತನಕ ಏನು ಮಾಡುವುದು? ಬದಲಿ ಮಾನಿಟರ್ ಇದ್ದರೆ ಪಕ್ಕಕ್ಕಿಡಿ, ಅಷ್ಟೇ. ಇಲ್ಲದ ಕಡೆ, ಬಳಸಬಹುದೇ ಬೇಡವೇ ಎನ್ನುವ ತೀರ್ಮಾನ ವೈದ್ಯರದು, ಟೆಕ್ನಿಷಿಯನ್‌ದಲ್ಲ. ಆ ತೀರ್ಮಾನ ಬರವಣಿಗೆಯಲ್ಲಿರಲಿ. ಬಳಸುವುದೇ ಆದರೆ ದೋಷ ಏನೆಂದು ಕನ್ನಡದಲ್ಲಿ ಬರೆದ ಹಳದಿ ಚೀಟಿ ಪರದೆಯ ಅಂಚಿಗೆ ಅಂಟಿಸಿ: ‘ಅಲಾರಂ ಸದ್ದು ನಂಬಬೇಡಿ’. ಹಾಸಿಗೆ ಸಿಸ್ಟರ್ ಮೇಜಿನ ಎದುರಿರಲಿ, ಬೇರೆ ಪಲ್ಸ್ ಆಕ್ಸಿಮೀಟರ್ ಜೊತೆಗಿರಲಿ, ಎಷ್ಟು ಹೊತ್ತಿಗೊಮ್ಮೆ ಕೈಯಲ್ಲಿ ನಾಡಿ, ಬಿ.ಪಿ. ನೋಡಬೇಕೆಂದು ಕೇಸ್ ಶೀಟಿನಲ್ಲಿ ಬರೆಸಿ. ಆಪರೇಷನ್ ಆದವರಿಗೆ, ವೆಂಟಿಲೇಟರಿನಲ್ಲಿರುವವರಿಗೆ, ಆಂಬುಲೆನ್ಸಿಗೆ ಆ ಯಂತ್ರ ಬೇಡ.

ರೋಗಿಗೆ ತೊಂದರೆ ಆಗಿದ್ದರೆ ಯಂತ್ರವನ್ನು ಆಫ್ ಮಾಡುವ ಮುಂಚೆ ಅಲಾರಂ ಲಾಗ್ ಫೋಟೋ ತೆಗೆಯಿರಿ. ‘ಡಿಸ್ಚಾರ್ಜ್ ಪೇಷಂಟ್’ ಒತ್ತಿದರೆ ಹಲವು ಮಾಡೆಲ್‌ಗಳಲ್ಲಿ ಲಾಗ್ ಅಳಿಸಿಹೋಗುತ್ತದೆ. ಮಾನಿಟರ್ ಗಡಿಯಾರಕ್ಕೂ ಗೋಡೆ ಗಡಿಯಾರಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಅಂತ ಬರೆದುಕೊಳ್ಳಿ. ಒಳಗಿನ ಬಟನ್ ಸೆಲ್ ಸತ್ತಿದ್ದರೆ ಲಾಗ್‌ನಲ್ಲಿ ಇಸವಿಯೇ ತಪ್ಪಿರುತ್ತದೆ. ಪ್ರೋಬ್, ಕೇಬಲ್, ಕಫ್ ಸಮೇತ ಒಂದು ಚೀಲಕ್ಕೆ ಹಾಕಿ ಸೀಲ್ ಮಾಡಿ. ಯಾರೂ ‘ಸುಮ್ಮನೆ ನೋಡೋಣ’ ಅಂತ ಬಿಚ್ಚಬಾರದು. ವರದಿ ಹೋಗಬೇಕಾದ್ದು, ವೈದ್ಯಕೀಯ ಉಪಕರಣಗಳಿಂದ ಆದ ತೊಂದರೆಗಳ ವರದಿ ಸಂಗ್ರಹಿಸುವ ಮೆಟೀರಿಯೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾಕ್ಕೆ. 2015ರ ಜುಲೈ 6ರಂದು ಶುರುವಾದದ್ದು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024. ವೈದ್ಯರೇ ಬರೆಯಬೇಕೆಂದಿಲ್ಲ, ಸಿಸ್ಟರ್, ಟೆಕ್ನಿಷಿಯನ್ ಕೂಡ ಬರೆಯಬಹುದು. ವರದಿ ಮಾಡಿದರೆ ತಪ್ಪು ಒಪ್ಪಿಕೊಂಡಂತೆ ಎಂಬ ಹೆದರಿಕೆಯಿಂದಲೇ ಅರ್ಧ ಫಾರಂಗಳು ಡ್ರಾಯರ್‌ನಲ್ಲಿ ಉಳಿಯುವುದು.

ಕಂಪನಿಯ ಇಂಜಿನಿಯರ್ ಬಂದ ದಿನ ಪಕ್ಕದಲ್ಲೇ ನಿಲ್ಲಿ. ಸಾಫ್ಟ್‌ವೇರ್ ಹಾಕುವ ಮುಂಚೆ ಈಗಿನ ಸೆಟ್ಟಿಂಗ್ ಪೂರ್ತಿ ಬರೆದಿಡಿ, ಹಾಕಿದ ಮೇಲೆ ಒಂದೊಂದನ್ನೂ ತಾಳೆ ನೋಡಿ. ಅಪ್‌ಡೇಟ್ ಆದಮೇಲೆ ಅಲಾರಂ ಮಿತಿ, ವಾಲ್ಯೂಮ್, ನಾಚ್ ಫಿಲ್ಟರ್, ವಯಸ್ಕ–ಶಿಶು ಮೋಡ್ ಎಲ್ಲ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುವುದುಂಟು. ನವಜಾತ ಶಿಶು ಘಟಕದ ಮಾನಿಟರ್ ವಯಸ್ಕ ಮೋಡಿಗೆ ಮರಳಿದರೆ ಕಫ್ ವಯಸ್ಕರ ಒತ್ತಡಕ್ಕೆ ಉಬ್ಬುತ್ತದೆ. ವಯಸ್ಕರ ಮೋಡಿನ ಮೇಲ್ಮಿತಿ 300 ಮಿ.ಮೀ., ಶಿಶುವಿನದು 150. ಹಳೆಯ ಆವೃತ್ತಿ, ಹೊಸ ಆವೃತ್ತಿ, ಬದಲಿಸಿದ ಭಾಗದ ನಂಬರ್ ಮೂರೂ ಸರ್ವಿಸ್ ರಿಪೋರ್ಟಿನಲ್ಲಿ ಬರದೆ ಸಹಿ ಹಾಕಬೇಡಿ. ‘ಚೆಕ್ಡ್ ಓಕೆ’ ಅಂತ ಒಂದೇ ಸಾಲಿನ ರಿಪೋರ್ಟಿಗೆ ಸಹಿ ಹಾಕಿದರೆ ರೀಕಾಲ್ ಮುಗಿದ ಲೆಕ್ಕಕ್ಕೆ ಹೋಗುತ್ತದೆ, ಒಳಗಿನ ಸ್ಪೀಕರ್ ಹಳೆಯದೇ ಇರಬಹುದು.

ನೋಟಿಸಿನ ಕೊನೆಯ ಪುಟದಲ್ಲಿ ಉತ್ತರದ ನಮೂನೆ ಇರುತ್ತದೆ. ಹುಡುಕಿದ ಮೇಲೆ ಒಂದೂ ಯಂತ್ರ ಸಿಗದಿದ್ದರೂ ‘0’ ಎಂದು ತುಂಬಿ, ದಿನಾಂಕ ಹಾಕಿ ಕಳಿಸಿ. ಬೇರೆ ಆಸ್ಪತ್ರೆಗೆ ಹೋಗಿದ್ದರೆ ಆ ಆಸ್ಪತ್ರೆಯ ಹೆಸರು ಬರೆಯಿರಿ, ನಕಲನ್ನು ಅವರಿಗೂ ಕಳಿಸಿ. ಹೋದ ಯಂತ್ರದ ಪ್ರೋಬ್, ಕಫ್ ಕೂಡ ಜೊತೆಗೆ ಹೋಗಿವೆಯೇ ಅಂತ ಕೇಳಿಕೊಳ್ಳಿ.