ಇನ್ವೇಡರ್ಸ್ ಕ್ಯಾಬಿನೆಟ್: ಗಾಜಿನಲ್ಲಿ ಕೊನೆಗೂ ಬೆಳಕು

ಸ್ಪೇಸ್ ಇನ್ವೇಡರ್ಸ್ ಅನ್ನೋ ಹಳೇ ವಿಡಿಯೊ ಗೇಮ್‌ನ ಪೆಟ್ಟಿಗೆಯನ್ನು ನಾನೇ ಕಟ್ಟುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಆಟದ ಶತ್ರುಗಳಾದ 55 ಇನ್ವೇಡರ್‌ಗಳೂ ಅದರ ಗಾಜಿನಲ್ಲಿ ಸ್ಪಷ್ಟವಾಗಿ ಕಂಡವು. ಹಿಂದೆ ಚಂದ್ರನ ನೆಲ, ಮುಂದೆ ಗಾಳಿಯಲ್ಲಿ ತೇಲುವ ಐದು ಸಾಲು. ಮೂರು ವಾರ ಇದಕ್ಕೇ ಒದ್ದಾಡಿದ್ದೇನೆ. ಪ್ಲೈವುಡ್, ಬಟನ್, ವೈರಿಂಗ್ ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ನಾನು ಕಟ್ಟುತ್ತಿರುವುದು ಈ ಆಟದ ಮಿಡ್‌ವೇ ಅಪ್‌ರೈಟ್ ಮಾದರಿ, ಅಂದರೆ ಅಮೆರಿಕದ ಮಿಡ್‌ವೇ ಕಂಪನಿಯ ನಿಂತು ಆಡುವ ಪೆಟ್ಟಿಗೆ. ಅದರಲ್ಲಿ ಮಾನಿಟರ್ ಕೆಳಗೆ ಮಲಗಿರುತ್ತದೆ. ಓರೆಯಾಗಿ ನಿಲ್ಲಿಸಿದ ಅರೆಗನ್ನಡಿಯಲ್ಲಿ ಆಟ ಕಾಣುತ್ತದೆ, ಅದರ ಮೂಲಕವೇ ಹಿಂದಿನ ಚಂದ್ರನೂ ಕಾಣುತ್ತಾನೆ. 1978ರಲ್ಲಿ ಜಪಾನಿನ ಟೈಟೋ ಕಂಪನಿಯ ಟೊಮೊಹಿರೊ ನಿಶಿಕಾಡೊ ಈ ಆಟದ ಚಿತ್ರ, ಪ್ರೋಗ್ರಾಂ, ಬೋರ್ಡ್ ಎಲ್ಲವನ್ನೂ ಹೆಚ್ಚೂಕಡಿಮೆ ಒಬ್ಬರೇ ಮಾಡಿದರು. ಶತ್ರುಗಳು ಕಡಿಮೆಯಾದಂತೆ ವೇಗ ಹೆಚ್ಚುವುದು ಕೂಡ ಆಟ ನಡೆಸುವ 8080 ಪ್ರೊಸೆಸರ್ ಚಿಪ್‌ಗೆ ಹೊರೆ ಇಳಿದದ್ದರಿಂದ. ಅವರು ಅದನ್ನು ಹಾಗೇ ಉಳಿಸಿಕೊಂಡರು. ನನಗೆ ತುಂಬಾ ಇಷ್ಟವಾದ ನಿರ್ಧಾರ ಅದು.

ಈಗ ನನ್ನ ತೊಂದರೆಗೆ ಬರುತ್ತೇನೆ. ನನ್ನದು 17 ಇಂಚಿನ ಐಪಿಎಸ್ (ಎಲ್‌ಸಿಡಿಯ ಒಂದು ಬಗೆ) ಮಾನಿಟರ್, ಸಾದಾ ಗಾಜು. ಮಾನಿಟರ್ ಅಡ್ಡ ಇಟ್ಟು ಪರೀಕ್ಷಿಸಿದಾಗ ಚಿತ್ರ ಚೆನ್ನಾಗಿತ್ತು. ಈ ಆಟಕ್ಕೆ ಪರದೆ ಉದ್ದವಾಗಿರಬೇಕು ಅಲ್ವಾ? ತಿರುಗಿಸಿ ಕೂರಿಸಿದೆ. ಗಾಜಿನಲ್ಲಿ ಬರೀ ಮಸುಕು ನೆರಳು. ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ಚಂದ್ರನ ದೀಪ ತಗ್ಗಿಸಿದೆ. ಬೇರೆ ಗಾಜು ತಂದೆ. ಗಾಜಿನ ಅಂಗಡಿಯವರು ಎರಡು ಸಲವೂ ಅಳತೆ ತಪ್ಪಿಸಿ, ಎರಡಕ್ಕೂ ದುಡ್ಡು ತೆಗೆದುಕೊಂಡರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಬಿಸಿಲಿನಿಂದ ಬಂದವನು ಕೂಲಿಂಗ್ ಗ್ಲಾಸ್ ತೆಗೆಯದೇ ಒಳಗೆ ಕಾಲಿಟ್ಟೆ. ಮೇಜಿನ ಮೇಲೆ ಅಡ್ಡ ನಿಲ್ಲಿಸಿದ್ದ ಮಾನಿಟರ್ ಪೂರ್ತಿ ಕಪ್ಪು! ಉದ್ದಕ್ಕೆ ತಿರುಗಿಸಿದೆ, ಬೆಳಗಿತು. ಅಲ್ಲೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಎಲ್‌ಸಿಡಿಯ ಬೆಳಕು ಪೋಲರೈಸ್ಡ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ನನ್ನ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಅಡ್ಡ ಕಂಪಿಸುವ ಬೆಳಕನ್ನು ತಡೆಯುತ್ತದೆ. 45 ಡಿಗ್ರಿಯಲ್ಲಿ ನಿಂತ ಗಾಜಿನ ಒಂದು ಮೈ, ಅಡ್ಡ ಕಂಪಿಸುವ ಬೆಳಕಿನಲ್ಲಿ ಸುಮಾರು 9% ಹಿಂತಿರುಗಿಸುತ್ತದೆ. ಇನ್ನೊಂದು ದಿಕ್ಕಿನದಾದರೆ 1% ಕೂಡ ಇಲ್ಲ. ಮಾನಿಟರ್ ತಿರುಗಿಸಿದಾಗ ಬೆಳಕಿನ ದಿಕ್ಕೂ ತಿರುಗಿತ್ತು. ಮಿಡ್‌ವೇಯವರು ಹಾಕಿದ್ದು ಸಿಆರ್‌ಟಿ, ಅಂದರೆ ಹಳೇ ಟಿವಿಯ ಪಿಕ್ಚರ್ ಟ್ಯೂಬ್, ಅದರ ಬೆಳಕಿಗೆ ಇಂಥ ದಿಕ್ಕೇ ಇಲ್ಲ.

ಪರಿಹಾರ ಸೆಲೋಫೇನ್, ನಮ್ಮ ಜಿಲೆಟಿನ್ ಪೇಪರ್. ಸರಿಯಾದ ಹಾಳೆಯನ್ನು 45 ಡಿಗ್ರಿ ಓರೆಯಾಗಿ ಪರದೆಯ ಮೇಲೆ ಇಟ್ಟರೆ ಬೆಳಕಿನ ದಿಕ್ಕನ್ನು ಹೆಚ್ಚೂಕಡಿಮೆ 90 ಡಿಗ್ರಿ ತಿರುಗಿಸುತ್ತದೆ. ಅವೆನ್ಯೂ ರಸ್ತೆಯ ಮೊದಲ ಅಂಗಡಿಯ ಹಾಳೆ ಏನೂ ಮಾಡಲಿಲ್ಲ. ಎರಡನೆಯ ಅಂಗಡಿಗೆ ಮಾನಿಟರ್ ಹೊರಲಾಗದೆ ಫೋನ್, ಕೂಲಿಂಗ್ ಗ್ಲಾಸ್ ಒಯ್ದು ಅಲ್ಲೇ ಹಾಳೆ ಹಿಡಿದು ನೋಡಿದೆ. ಕಪ್ಪಾಗಿದ್ದ ಫೋನ್ ಪರದೆ ಹಾಳೆಯ ಅಡಿಯಲ್ಲಿ ಬೆಳ್ಳಗಾಯಿತು. ಹತ್ತು ಹಾಳೆ ಕೊಂಡೆ.

ಹಾಗೇ ಎಸ್.ಪಿ. ರಸ್ತೆಗೂ ಹೋಗಿ 74 ಸರಣಿಯ ಸಾದಾ ಲಾಜಿಕ್ ಚಿಪ್‌ಗಳನ್ನು ತಂದೆ, ಮುಂದಿನದು ಪಾಂಗ್! 1972ರಲ್ಲಿ ಅಲ್ ಅಲ್‌ಕಾರ್ನ್ ಪ್ರೊಸೆಸರ್ ಇಲ್ಲದೆ, ಒಂದು ಸಾಲು ಪ್ರೋಗ್ರಾಂ ಇಲ್ಲದೆ ಬರೀ ಚಿಪ್‌ಗಳಲ್ಲಿ ಕಟ್ಟಿದ ಆಟ. ಬ್ಯಾಟನ್ನು ಎಂಟು ಭಾಗ ಮಾಡಿ, ಚೆಂಡು ಎಲ್ಲಿ ತಾಗಿತೋ ಅದಕ್ಕೆ ತಕ್ಕ ಕೋನದಲ್ಲಿ ಪುಟಿಯುವಂತೆ ಮಾಡಿದ್ದರು. ಅದನ್ನು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚಿಪ್ ಚುಚ್ಚುವ ಹಲಗೆ) ಮೇಲೆ ಕೈಯಾರೆ ಕಟ್ಟಬೇಕು ಅಂತ ಎಷ್ಟೋ ದಿನದ ಆಸೆ.

ಇನ್ವೇಡರ್ಸ್‌ನಲ್ಲಿ ಉಳಿದದ್ದು ಎರಡು ಕೆಲಸ. 5 ಮಿ.ಮೀ. ಗಾಜಿನ ಎರಡೂ ಮೈಗಳಿಂದ ಚಿತ್ರ ಬರುವುದರಿಂದ ಗುಂಡುಗಳು ಜೋಡಿಯಾಗಿ ಕಾಣುತ್ತವೆ, ಅಂತರ 3.8 ಮಿ.ಮೀ., ಆಟದ ಲೆಕ್ಕದಲ್ಲಿ ಸುಮಾರು 3 ಪಿಕ್ಸೆಲ್. 2 ಮಿ.ಮೀ. ಗಾಜು ಹಾಕಿದರೆ ಒಂದೇ ಪಿಕ್ಸೆಲ್‌ಗೆ ಇಳಿಯುತ್ತದೆ. ಇನ್ನೊಂದು ಬಣ್ಣ. ಮೂಲ ಯಂತ್ರದಲ್ಲೂ ಕಪ್ಪು-ಬಿಳುಪು ಪರದೆಗೆ ಬಣ್ಣ ಕೊಟ್ಟದ್ದು ಬಣ್ಣದ ಪಟ್ಟಿಗಳೇ, ಕೆಳಗಿನದು ಹಸಿರು. ನನ್ನ ಹಸಿರು ಜಿಲೆಟಿನ್ ಪಟ್ಟಿಯನ್ನು ಬಿಳಿ, ಅಂದರೆ ಬಣ್ಣವಿಲ್ಲದ ಜಿಲೆಟಿನ್ ಹಾಳೆಯ ಮೇಲೆ ಅಂಟಿಸಿದರೆ ತಿರುಗಿದ ಬೆಳಕು ಮತ್ತೆ ಹಳೇ ದಿಕ್ಕಿಗೆ ಬಂದುಬಿಡುತ್ತದೆ. ಅಷ್ಟು ಜಾಗದ ಬಿಳಿ ಹಾಳೆ ತೆಗೆದು, ಹಸಿರನ್ನೂ ಅದೇ 45 ಡಿಗ್ರಿ ಓರೆಯಲ್ಲಿ ಕತ್ತರಿಸಬೇಕು. ಕತ್ತರಿ, ಕೋನಮಾಪಕ ಮೇಜಿನ ಮೇಲೆ ಇಟ್ಟೇ ಮಲಗಿದ್ದೆ.