ಸೊಪ್ಪಿನಬೆಟ್ಟದ ವಾರ್ಬ್ಲರ್‌ಗಳು

ಉತ್ತರ ಕನ್ನಡಕ್ಕೆ ಹಕ್ಕಿ ನೋಡಲು ಬರುವವರು ಹೆಚ್ಚಾಗಿ ದಾಂಡೇಲಿಗೆ ಹೋಗುತ್ತಾರೆ. ಅಲ್ಲಿ ಹಾರ್ನ್‌ಬಿಲ್ ಇದೆ, ಒಳ್ಳೆ ಫೋಟೊ ಸಿಗುತ್ತದೆ. ನಾನು ಮತ್ತು ನನ್ನ ಗೆಳೆಯ ಈ ಜನವರಿಯಲ್ಲಿ ಶಿರಸಿಗೆ ಹೊರಟದ್ದು ಹತ್ತು ಗ್ರಾಂ ಆಸುಪಾಸು ತೂಗುವ ಹಕ್ಕಿಗಳಿಗಾಗಿ. ವಾರ್ಬ್ಲರ್, ಅಂದರೆ ಉಲಿಯಕ್ಕಿ. ಹೆಚ್ಚಿನವಕ್ಕೆ ಮಾಸಲು ಹಸಿರು ಬೆನ್ನು, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು. ಒಂದೂ ಕೂತಲ್ಲಿ ಕೂರುವುದಿಲ್ಲ. ಎಷ್ಟೋ ಜನ ಪಟ್ಟಿಯಲ್ಲಿ 'ಯಾವುದೋ ವಾರ್ಬ್ಲರ್' ಅಂತ ಬರೆದು ಮುಂದೆ ಹೋಗುತ್ತಾರೆ. ನನಗಂತೂ ಇವಕ್ಕಿಂತ ಇಷ್ಟದ ಹಕ್ಕಿಗಳಿಲ್ಲ.

ಉಳಿದುಕೊಂಡದ್ದು ಸೋಂದಾ ದಾರಿಯಲ್ಲಿ, ಗೆಳೆಯನ ಸೋದರಮಾವನ ಮನೆಯಲ್ಲಿ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ದರಕು (ಒಣಗಿದ ಎಲೆ) ಎಲ್ಲ ಬರುವುದು ಈ ಬೆಟ್ಟದಿಂದಲೇ. ಮತ್ತಿ, ಹೊನ್ನೆ, ನೇರಳೆ ಮರಗಳ ಕೊಂಬೆಯನ್ನು ವರ್ಷವರ್ಷ ಸವರುವುದರಿಂದ ಹೊಸ ಸೊಪ್ಪು ಕೆಳಗೇ ಚಿಗುರುತ್ತದೆ. ವಾರ್ಬ್ಲರ್ ನೋಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ದಟ್ಟ ಕಾಡಿನಲ್ಲಿ ಮರದ ತುದಿಯಲ್ಲೇ ಉಳಿಯುವ ಹಕ್ಕಿ ಇಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ.

ಬೆಳಗ್ಗೆ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಬೈನಾಕ್ಯುಲರ್ ಹಿಡಿದು ಹೊರಟವರನ್ನು ಮಾವ ಬಿಡಲಿಲ್ಲ. "ಮೊದ್ಲು ಆಸ್ರಿಗೆ ಕುಡೀರಿ. ಹಕ್ಕಿ ಎಲ್ಲಿಗೂ ಹೋಗ್ತಿಲ್ಲೆ" ಎಂದರು. ಅಷ್ಟರಲ್ಲಿ ಅಂಗಳದಾಚೆಯ ನೇರಳೆ ಮರದಿಂದ 'ಚಿಸ್-ವೀ' ಅಂತ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. "ಇದು ದೀಪಾವಳಿಗಿಂತ ಮೊದ್ಲೇ ಬೈಂದು. ಇದೇ ಮರದಲ್ಲಿ ದಿನಾ ಕೂಗ್ತು" ಅಂದರು ಮಾವ.

ಅದು ಗ್ರೀನಿಶ್ ವಾರ್ಬ್ಲರ್. ಮಾವ ಹೇಳಿದ್ದು ಸರಿಯಾಗಿಯೇ ಇದೆ. ಈ ಹಕ್ಕಿ ಚಳಿಗಾಲ ಕಳೆಯಲು ಬಂದ ಕಡೆಯೂ ತನ್ನ ಮೇವಿನ ಜಾಗವನ್ನು ಕಾಯುತ್ತದೆ. ಹಗಲಿಡೀ ಕೂಗುವುದು ಇನ್ನೊಂದು ಹಕ್ಕಿ ಒಳಗೆ ಬರದಿರಲಿ ಅಂತ. ಹಾಗಾಗಿಯೇ ವಾರ್ಬ್ಲರ್‌ಗಳನ್ನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಹಿಡಿಯಬೇಕು ಅನ್ನುತ್ತೇನೆ ನಾನು. ಮೊಬೈಲಿನಲ್ಲಿ ಕೂಗು ಹಾಕಿ ಕರೆಸುವವರಿದ್ದಾರೆ. ದಯವಿಟ್ಟು ಬೇಡ. ಜಾಗ ಕಾಯುವ ಹಕ್ಕಿಗೆ ಅದು ಸುಮ್ನೆ ಕಾಟ.

ಹಕ್ಕಿ ಕೆಳಗಿನ ಕೊಂಬೆಗೆ ಬಂತು. ಎಲೆಯಡಿ ಬಾಗಿ ಪುಟ್ಟ ಹುಳವನ್ನು ಕಿತ್ತು, ಕೊಂಬೆಗೆ ಕೊಕ್ಕು ಒರೆಸಿತು. ಕೆಳಗಿನ ಕೊಕ್ಕು ತಿಳಿ ಕಿತ್ತಳೆ. ಮಡಚಿದ ರೆಕ್ಕೆಯ ಮೇಲೆ ಬಿಳಿ ನೂಲೆಳೆಯಂತೆ ಒಂದೇ ಪಟ್ಟಿ. ಗರಿ ಸವೆದರೆ ಈ ಪಟ್ಟಿಯೂ ಮಾಸಿಹೋಗುತ್ತದೆ. ಅದನ್ನಷ್ಟೇ ನಂಬಿಕೊಂಡರೆ ಕಷ್ಟ.

ಬೆಟ್ಟದ ಮೇಲೆ ಹೋದಾಗ ಕೇಳಿದ್ದು 'ಚಿ-ರಿ-ವೀ'. ಎರಡಲ್ಲ, ಮೂರು ತುಂಡು. ಇದು ಗ್ರೀನ್ ವಾರ್ಬ್ಲರ್. ಹುಬ್ಬು, ಗಂಟಲುಗಳಲ್ಲಿ ಹಳದಿ ಜಾಸ್ತಿ, ರೆಕ್ಕೆಪಟ್ಟಿ ತುಸು ದಪ್ಪ. ಆದರೆ ಎಲೆಯ ನೆರಳಿನಲ್ಲಿ ಎಲ್ಲವೂ ಹಳದಿಯಾಗೇ ಕಾಣುತ್ತವಲ್ಲ, ಆಗ ಕೂಗು ಒಂದೇ ಗತಿ. ಇದು ಮರಿ ಮಾಡುವುದು ದೂರದ ಕಾಕಸಸ್ ಬೆಟ್ಟಗಳ ಸೀಮೆಯಲ್ಲಿ. ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾಕ್ಕೆ ಬರುತ್ತದೆ. ಅಷ್ಟು ದೂರದಿಂದ ಬಂದದ್ದು ಶಿರಸಿಯ ಮತ್ತಿಮರದಲ್ಲಿ ಕೂತು ಕೂಗುತ್ತಿದೆ ಅಂದಾಗ ಮೈ ಜುಮ್ಮೆನ್ನುತ್ತದೆ.

ಹಳ್ಳದ ಕಡೆ ಇಳಿದರೆ ನೆರಳು, ತಂಪು. ಅಲ್ಲಿ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್ ಇತ್ತು. ಗ್ರೀನಿಶ್‌ಗಿಂತ ದೊಡ್ಡದು. ನೆತ್ತಿ ಕಪ್ಪು ಕಪ್ಪು, ಕೊಕ್ಕು ದಪ್ಪ. ಇದರದ್ದೂ ಎರಡೇ ತುಂಡಿನ ಕೂಗು, 'ದಿರ್-ಟೀ'. ಆದರೆ ಎರಡನೆಯದು ಸ್ಪಷ್ಟವಾಗಿ ಮೇಲೇರುತ್ತದೆ. ಗೆಳೆಯ ಮೊದಲು ಗ್ರೀನಿಶ್ ಅಂದ. ಇನ್ನೆರಡು ಸಲ ಕೇಳಿದ ಮೇಲೆ ತಾನೇ ಬದಲಿಸಿಕೊಂಡ. ವಾಪಸು ಬರುವಾಗ ಕಾಜಾಣದ ಹಿಂದೆ ಹೊರಟ ಮಿಶ್ರ ಗುಂಪಿನಲ್ಲಿ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್‌ಗಳು ಸಿಕ್ಕವು. ಅವು ಸುಲಭ: ನೆತ್ತಿಯ ಮಧ್ಯೆ ಬೈತಲೆಯ ಜಾಗದಲ್ಲಿ ತಿಳಿ ಗೆರೆ, ರೆಕ್ಕೆಯಲ್ಲಿ ಎರಡು ಪಟ್ಟಿ.

ಮರುದಿನ ದೇವಿಮನೆ ಘಟ್ಟ ಇಳಿದು ಕುಮಟಾ ತಲುಪಿದೆವು. ಘಟ್ಟದಲ್ಲಿ ಲಾರಿ ಸದ್ದಿಗೆ ಏನೂ ಕೇಳಲಿಲ್ಲ. ಅಘನಾಶಿನಿ ಹಿನ್ನೀರಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳ ಬದುವಿನಲ್ಲಿ ಬೇರೆಯೇ ಲೋಕ. ಬೆಳ್ಳಕ್ಕಿ, ಉಲ್ಲಂಕಿಗಳ ಹಿಂದೆ ಎಲ್ಲರೂ ಹೋಗುತ್ತಾರೆ. ನಮಗೆ ಬೇಕಾದದ್ದು ಪೊದೆಯೊಳಗೆ 'ಟಕ್... ಟಕ್' ಅನ್ನುವುದು. ಬ್ಲೈತ್ಸ್ ರೀಡ್ ವಾರ್ಬ್ಲರ್. ಹಸಿರಿಲ್ಲದ ಕಂದು, ರೆಕ್ಕೆಪಟ್ಟಿ ಇಲ್ಲವೇ ಇಲ್ಲ, ಉದ್ದ ಕೊಕ್ಕು. ಹುಬ್ಬು ಕಣ್ಣು ದಾಟುವಷ್ಟರಲ್ಲಿ ಅಳಿಸಿಹೋಗುತ್ತದೆ. ಕಾರವಾರದಲ್ಲಿ ಕಾಳಿ ನದಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಹತ್ತಿರದ ಬೇಲಿಯಲ್ಲೂ ಇದೇ ಸಿಕ್ಕಿತು. ಇದರ ನೆಂಟ ಕ್ಲಾಮರಸ್ ರೀಡ್ ವಾರ್ಬ್ಲರ್ ಎಷ್ಟೋ ದೊಡ್ಡದು, ದನಿಯೂ ಒರಟು. ಅವೆರಡರಲ್ಲಿ ಗೊಂದಲ ಬೇಕಾಗಿಲ್ಲ.

ಏಪ್ರಿಲ್ ಮುಗಿಯುವಷ್ಟರಲ್ಲಿ ಇವುಗಳಲ್ಲಿ ಹೆಚ್ಚಿನವು ಉತ್ತರಕ್ಕೆ ಹೊರಡುತ್ತವೆ. ಹೊರಡುವ ಮೊದಲು ಕೆಲವು ಇಲ್ಲೇ ಹಾಡಲು ಶುರುಮಾಡುತ್ತವೆ. ಈಗ ಕೇಳಿದ್ದು ಬರೀ ಕೂಗು. ಹಾಡು ಕೇಳಿಸಿಕೊಳ್ಳಲು ಮಾರ್ಚ್ ಕೊನೆಗೆ ಮತ್ತೆ ಬರಬೇಕು, ಈ ಸಲ ಧ್ವನಿಮುದ್ರಣ ಯಂತ್ರದ ಜೊತೆ.